ಜಾಹೀರಾತನ್ನು ತಲೆಕೆಳಗೆ ಇಟ್ಟು ನೋಡಿ



ಅಕ್ಷಯ ತದಿಗೆಗೆ ಇನ್ನು ನಾಲ್ಕು ದಿನ ಇದೆ ಅನ್ನುವಾಗ ಕಡೂರಿನಿಂದ ನಮ್ಮ ಚಿಕ್ಕಮ್ಮನ ಮಗಳು ಬಂದಿಳಿದಳು. ಕೈಯಲ್ಲಿ ಬ್ಯಾಗು, ಬ್ಯಾಗಿನಲ್ಲಿ ಒಂದು ಡಜನ್ ಮಾವಿನಹಣ್ಣು, ಅದರ ಪಕ್ಕದಲ್ಲಿ ನಾಲ್ಕು ಮಡಿಕೆ ಮಾಡಿದ ದಿನಪತ್ರಿಕೆಯ ಒಂದು ಹಾಳೆ. ಚಪ್ಪಲಿ ಬಿಡುವ ಮೊದಲೇ ಆ ಹಾಳೆ ಹೊರಗೆ ಬಂತು. "ಅಕ್ಕಾ, ನೋಡು ಇಲ್ಲಿ, ಅರ್ಧಕ್ಕರ್ಧ ಬಿಟ್ಟಿದ್ದಾರೆ! ನಾಳೆ ಬೆಳಗಿನ ಬಸ್ಸಿಗೇ ಬೆಂಗಳೂರಿಗೆ ಹೋಗೋಣ. ನೀನೂ ಬಾ."

ಅವಳ ಮಗಳ ಮದುವೆ ಕಾರ್ತಿಕಕ್ಕೆ. ಮಗಳಿಗೊಂದು ಎರಡೆಳೆ ಸರ ಮಾಡಿಸಬೇಕು ಅಂತ ಏಳು ವರ್ಷದಿಂದ ರವಿಕೆ ಹೊಲಿದು, ಹಿತ್ತಲ ತೆಂಗಿನಕಾಯಿ ಮಾರಿ, ತಿಂಗಳು ತಿಂಗಳೂ ಚೀಟಿ ಕಟ್ಟಿ ದುಡ್ಡು ಕೂಡಿಸಿದ್ದಾಳೆ. ಆ ದುಡ್ಡಿನ ಪೂರ್ತಿ ಲೆಕ್ಕ ಅವಳ ಯಜಮಾನರಿಗೂ ಗೊತ್ತಿಲ್ಲ. (ನಿಮ್ಮಲ್ಲಿ ಎಷ್ಟು ಜನರ ಸಾಸಿವೆ ಡಬ್ಬಿಯ ಲೆಕ್ಕ ಮನೆಯವರಿಗೆ ಗೊತ್ತಿದೆ, ನೀವೇ ಹೇಳಿ!)

"ಮೊದಲು ಕಾಫಿ ಕುಡಿ" ಅಂದೆ. ಅವಳು ಲೋಟ ಹಿಡಿದು ಕೂತಳು. ನಾನು ಆ ಹಾಳೆಯನ್ನು ನಡುಮನೆಯ ನೆಲದ ಮೇಲೆ ಹಾಸಿದೆ, ತಲೆಕೆಳಗಾಗಿ. "ಅಯ್ಯೋ, ಹಾಗಿಟ್ರೆ ಓದೋದು ಹೇಗೆ?" ಅಂದಳು. ಓದಬೇಡ ಕಣೇ, ಬರೀ ನೋಡು ಅಂದೆ.

ನನಗೆ ಈ ಚಾಳಿ ಹತ್ತಿಸಿದ್ದು ಒಂದು ಮಿಕ್ಸಿ. ಎರಡು ವರ್ಷದ ಕೆಳಗೆ "ಹಳೆಯ ಮಿಕ್ಸಿ ತನ್ನಿ, 2,000 ರೂಪಾಯಿ ಪಡೆಯಿರಿ" ಎಂಬ ಜಾಹೀರಾತು ನೋಡಿ, ಚಟ್ನಿ ಜಾರೂ ಸೇರಿದಂತೆ ಹಳೆಯದನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು ಆಟೋದಲ್ಲಿ ಹೋಗಿದ್ದೆ. ಅಂಗಡಿಯ ಹೆಸರು ಬೇಡ ಬಿಡಿ. ಆ ಎರಡು ಸಾವಿರ ಸಿಗುವುದು ಅಂಗಡಿಯಲ್ಲಿದ್ದ ಅತಿ ದುಬಾರಿ ಎರಡು ಮಾದರಿಗಳಿಗೆ ಮಾತ್ರವಂತೆ. ನನಗೆ ಬೇಕಾಗಿದ್ದ ಮಿಕ್ಸಿಗೆ ಸಿಕ್ಕಿದ್ದು ಮುನ್ನೂರು ರೂಪಾಯಿ. "ಪೇಪರ್‌ನಲ್ಲಿ ಹಾಕಿದ್ದೀವಲ್ಲ ಮೇಡಂ" ಅಂದ ಕೌಂಟರಿನ ಹುಡುಗ. ಮನೆಗೆ ಬಂದು ನೋಡಿದರೆ ಹಾಕಿದ್ದರು, ನಿಜ. ಪುಟದ ಬಲ ಅಂಚಿನಲ್ಲಿ, ಕತ್ತು ಓರೆ ಮಾಡಿ ಓದಬೇಕಾದ ಹಾಗೆ ಅಡ್ಡಡ್ಡಲಾಗಿ, ಇರುವೆ ಸಾಲಿನಂಥ ಅಕ್ಷರದಲ್ಲಿ! ಸುಳ್ಳು ಹೇಳಿದ್ದಾರೆ ಅನ್ನುವ ಹಾಗಿಲ್ಲ. ನನ್ನ ಕಣ್ಣಿಗೆ ಬೀಳದ ಜಾಗ ಯಾವುದು ಅಂತ ಅವರಿಗೆ ಮೊದಲೇ ಗೊತ್ತಿತ್ತು, ಅಷ್ಟೆ. ಆ ಸಿಟ್ಟಿಗೆ, ಈ ಜಾಹೀರಾತಿನ ಪುಟ ಜೋಡಿಸುವವರ ವಿದ್ಯೆ ಏನು ಎಂದು ಸಿಕ್ಕಿದ್ದನ್ನೆಲ್ಲ ಓದಲು ಶುರು ಮಾಡಿದೆ.

ಓದಿದ ಮೇಲೆ ಅನ್ನಿಸಿದ್ದು, ಇದರಲ್ಲಿ ನಮಗೆ ಗೊತ್ತಿಲ್ಲದ್ದು ಬಹಳವೇನೂ ಇಲ್ಲ ಅಂತ. ಬಾಳೆಲೆ ಹಾಕುವಾಗ ತುದಿ ಎಡಕ್ಕೆ ಬರಬೇಕು, ಉಪ್ಪು ಉಪ್ಪಿನಕಾಯಿ ಮೂಲೆಗೆ, ಕೋಸಂಬರಿ ಪಲ್ಯ ಮೇಲಿನ ಸಾಲಿಗೆ, ಅನ್ನಕ್ಕೆ ಮುಂದಿನ ದೊಡ್ಡ ಜಾಗ ಎಂದು ನಮಗೆ ಯಾವ ಕಾಲೇಜೂ ಹೇಳಿಕೊಡಲಿಲ್ಲ. ಉಣ್ಣುವವರ ಕೈ ಎಲ್ಲಿಂದ ಎಲ್ಲಿಗೆ ಓಡಾಡುತ್ತದೆ ಅನ್ನುವುದನ್ನು ನೋಡಿಯೇ ಹಿರಿಯರು ಹಾಗೆ ಇಟ್ಟರು. ಜಾಹೀರಾತಿನವರು ಅದನ್ನೇ ಕಣ್ಣಿಗೆ ಮಾಡುತ್ತಾರೆ. ಕಣ್ಣು ಮೊದಲು ಎಲ್ಲಿ ಇಳಿಯಬೇಕು, ಅಲ್ಲಿಂದ ಎತ್ತ ಹೊರಳಬೇಕು, ಕೊನೆಗೆ ಎಲ್ಲಿ ನಿಲ್ಲಬೇಕು ಎಂದು ದಾರಿ ಹಾಕುತ್ತಾರೆ. ನಾವು ಓದುತ್ತಿದ್ದೇವೆ ಅಂದುಕೊಂಡಿರುತ್ತೇವೆ. ನಿಜವಾಗಿ ಆ ದಾರಿಯಲ್ಲಿ ನಡೆಯುತ್ತಿರುತ್ತೇವೆ.

ತಲೆಕೆಳಗೆ ಇಟ್ಟಿದ್ದು ಅದಕ್ಕೇ. ಹಾಗಿಟ್ಟರೆ ಅಕ್ಷರಗಳು ಮಾತಾಗುವುದಿಲ್ಲ, ಬರೀ ಆಕಾರವಾಗಿ ಉಳಿಯುತ್ತವೆ. ಇನ್ನು ನಾಲ್ಕು ಹೆಜ್ಜೆ ಹಿಂದೆ ಸರಿದು, ಸೂಜಿಗೆ ದಾರ ಪೋಣಿಸುವಾಗಿನ ಹಾಗೆ ಕಣ್ಣು ಕಿರಿದು ಮಾಡಿ ನೋಡಬೇಕು. ಚಿತ್ರಕಲೆ ಕಲಿಯುವವರೂ ಹೀಗೆಯೇ ಮಾಡುತ್ತಾರೆ. ಚಿಕ್ಕದೆಲ್ಲ ಮಸುಕಾಗಿ ಹೋಗುತ್ತದೆ. ಪುಟ ಮಾಡಿದವರು ಯಾವುದನ್ನು ನಮ್ಮ ತಲೆಯೊಳಗೆ ಇಳಿಸಬೇಕು ಅಂದುಕೊಂಡಿದ್ದರೋ ಅದು ಮಾತ್ರ ಎದ್ದು ಕಾಣುತ್ತದೆ.

"ಏನು ಕಾಣುತ್ತೆ?" ಅಂದೆ.

"ಕೆಂಪು ಬಣ್ಣ. ಒಂದು 50. ಆ ಹುಡುಗಿ ಮುಖ. ಅಷ್ಟೇ ಅಕ್ಕಾ."

ಅಷ್ಟೇ! ಒಂದು ಪೂರ್ತಿ ಪುಟದಲ್ಲಿ, ನಾನು ಆಮೇಲೆ ಎಣಿಸಿದಂತೆ ನೂರಾ ಎಪ್ಪತ್ತು ಪದಗಳಿದ್ದವು. ಅವುಗಳಲ್ಲಿ ಉಳಿದದ್ದು ಒಂದು ಅಂಕಿ.

ಈಗ ಹಾಳೆಯನ್ನು ನೇರ ಮಾಡಿದೆವು. ಆ 50 ಎಂಬುದು ನನ್ನ ಅಂಗೈಯಗಲ ಇತ್ತು. ಅದರ ಪಕ್ಕದ ಶೇಕಡಾ ಗುರುತು ಅದರ ಅರ್ಧ. "ವರೆಗೆ" ಎಂಬ ಪದ 50ರ ಸೊನ್ನೆಯ ಹೊಟ್ಟೆಯೊಳಗೆ ಕೂತಿತ್ತು, ಹೆಸರುಕಾಳಿನಷ್ಟು. "ಮೇಕಿಂಗ್ ಚಾರ್ಜ್ ಮೇಲೆ" ಅನ್ನುವುದು ಕೆಳಗೆ, ಕಡುಗೆಂಪಿನ ಮೇಲೆ ಕಂದು ಬಣ್ಣದಲ್ಲಿ. ಕಪ್ಪು ಸೀರೆಗೆ ಕಡುನೀಲಿ ಅಂಚು ಹಾಕಿದರೆ ಯಾರಿಗೆ ಕಾಣುತ್ತದೆ? ಹಾಗೆ. 50 ಮಾತ್ರ ಅರಿಶಿನದ ಬಣ್ಣ. ಕೆಂಪು, ಹಳದಿ ಅಂದರೆ ನಮಗೆ ಕುಂಕುಮ, ಅರಿಶಿನ. ಮೇಲೊಂದು ಮಾವಿನೆಲೆಯ ತೋರಣ, ಪಕ್ಕದಲ್ಲೊಂದು ದೀಪ. ಇಷ್ಟಿದ್ದರೆ ಅರ್ಧ ಮನಸ್ಸು ಆಗಲೇ ದೇವರಮನೆಯ ಮುಂದೆ ನಿಂತಿರುತ್ತದೆ, ಲೆಕ್ಕ ಕೇಳುವುದಕ್ಕೇ ಸಂಕೋಚ.

ಆ ಹುಡುಗಿಯ ಮುಖ ಇತ್ತಲ್ಲ, ಅದೂ ಸುಮ್ಮನೆ ಇಟ್ಟದ್ದಲ್ಲ. ಎಷ್ಟೇ ದೊಡ್ಡ ಪುಟದಲ್ಲೂ ಮನುಷ್ಯರ ಮುಖ ಇದ್ದರೆ ಕಣ್ಣು ಅಲ್ಲಿಗೆ ಓಡುತ್ತದೆ. ಆ ಮುಖ ಯಾವ ಕಡೆ ನೋಡುತ್ತಿದೆಯೋ ನಮ್ಮ ಕಣ್ಣೂ ಆ ಕಡೆಗೇ ಹೊರಳುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಆಕಾಶ ನೋಡಿದರೆ ಹತ್ತು ಜನ ಕತ್ತೆತ್ತುವುದಿಲ್ಲವೇ? ಈ ಹುಡುಗಿ ಕತ್ತಿನ ಸರದ ಮೇಲೆ ಬೆರಳಿಟ್ಟುಕೊಂಡು, ಓರೆಗಣ್ಣಲ್ಲಿ ಆ 50ನ್ನು ನೋಡಿ ನಗುತ್ತಿದ್ದಳು. ಅವಳ ಬೆನ್ನ ಹಿಂದೆ, ಪುಟದ ತೀರ ಕೆಳಗೆ, ಎಡಮೂಲೆಯಲ್ಲಿ ನಾಲ್ಕು ಸಾಲು ಷರತ್ತು. ಅವಳೇ ನೋಡದಿದ್ದದ್ದನ್ನು ನಾವು ನೋಡುತ್ತೇವೆಯೇ?

ಇದರಲ್ಲಿ ಒಂದು ಅಂಶವನ್ನು ಮಾತ್ರ ನೀವು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಹತ್ತಿರ ಇರುವುದನ್ನು ಕಣ್ಣು ಜೋಡಿಸಿ ನೋಡುತ್ತದೆ, ದೂರ ಇರುವುದನ್ನು ಬೇರೆ ಅಂದುಕೊಳ್ಳುತ್ತದೆ. ಚುಕ್ಕಿ ರಂಗೋಲಿ ಹಾಕುವಾಗ ಪಕ್ಕಪಕ್ಕದ ಚುಕ್ಕಿಗಳು ಗೆರೆ ಎಳೆಯುವ ಮೊದಲೇ ಒಂದಾಗಿ ಕಾಣುತ್ತವಲ್ಲ, ಅದೇ. ಒಳ್ಳೆಯ ಪುಟದಲ್ಲಿ ಒಂದಕ್ಕೊಂದು ಸಂಬಂಧಪಟ್ಟದ್ದು ಹತ್ತಿರವೇ ಇರುತ್ತದೆ. ಪದಾರ್ಥದ ಪಕ್ಕದಲ್ಲಿ ಅದರ ಬೆಲೆ, ಬೆಲೆಯ ಪಕ್ಕದಲ್ಲಿ ಅದರ ತೂಕ. ನಮ್ಮನ್ನು ಯಾಮಾರಿಸಬೇಕು ಅನ್ನುವ ಪುಟದಲ್ಲಿ ಇದನ್ನು ಬೇಕೆಂದೇ ಬೇರ್ಪಡಿಸುತ್ತಾರೆ. 50ರ ತಲೆಯ ಮೇಲೆ ಒಂದು ಪುಟ್ಟ ನಕ್ಷತ್ರ. ಅದರ ಜೋಡಿ ನಕ್ಷತ್ರ ಮುಕ್ಕಾಲು ಅಡಿ ಕೆಳಗೆ, ಇನ್ನೊಂದು ಮೂಲೆಯಲ್ಲಿ, ಷರತ್ತುಗಳ ಜೊತೆ. ಮಾತು ಒಂದೇ, ಆದರೆ ಅದರ ಅರ್ಧ ಹೆಬ್ಬಾಗಿಲಲ್ಲಿ, ಇನ್ನರ್ಧ ಹಿತ್ತಲಲ್ಲಿ. "ತಿಂಗಳಿಗೆ ಕೇವಲ 999" ಎಂದು ದಪ್ಪಗೆ ಬರೆದು, ಎಷ್ಟು ತಿಂಗಳು ಎಂಬುದನ್ನು ಬೇರೆಲ್ಲೋ ಇಡುವುದೂ ಇದೇ ಉಪಾಯ.

ಷರತ್ತಿನ ಅಕ್ಷರ ನನ್ನ ಕನ್ನಡಕಕ್ಕೂ ದಕ್ಕಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು, ಎರಡು ಬೆರಳಲ್ಲಿ ದೊಡ್ಡದು ಮಾಡಿ ಓದಿದೆವು. ಆಯ್ದ ವಿನ್ಯಾಸಗಳಿಗೆ ಮಾತ್ರ, ವೇಸ್ಟೇಜ್‌ಗೆ ಅನ್ವಯಿಸುವುದಿಲ್ಲ, ಬೇರೆ ಯಾವ ಕೊಡುಗೆಯ ಜೊತೆಗೂ ಸೇರುವುದಿಲ್ಲ. ಅದೂ ಇಂಗ್ಲಿಷಿನಲ್ಲಿ. ಮೇಲಿನದೆಲ್ಲ ಅಚ್ಚಗನ್ನಡ, ಷರತ್ತು ಮಾತ್ರ ಇಂಗ್ಲಿಷು!

ಆಮೇಲೆ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಕೂಡಿ ಕಳೆದೆವು. ಲೆಕ್ಕಕ್ಕೆ ಸುಲಭವಾಗಲಿ ಎಂದು ಚಿನ್ನದ ಬೆಲೆ 1,00,000 ರೂಪಾಯಿ ಅಂತ ಇಟ್ಟುಕೊಳ್ಳಿ. ಮೇಕಿಂಗ್ ಚಾರ್ಜ್ ಶೇಕಡಾ 16 ಆದರೆ 16,000. ಒಟ್ಟು 1,16,000. ಮೇಕಿಂಗ್‌ನಲ್ಲಿ ಪೂರ್ತಿ ಅರ್ಧವನ್ನೇ ಬಿಟ್ಟರೂ ಉಳಿಯುವುದು 8,000, ಅಂದರೆ ಒಟ್ಟು ಮೊತ್ತದಲ್ಲಿ ನೂರಕ್ಕೆ ಏಳೂ ಇಲ್ಲ. ಕಣ್ಣು ಓದಿದ್ದು ಐವತ್ತು, ಕೈಗೆ ಬರುವುದು ಏಳು. ಇದರ ಮೇಲೆ ವೇಸ್ಟೇಜ್ ಎಷ್ಟು ಹಾಕುತ್ತಾರೋ ಅದು ಬೇರೆ, ಶೇಕಡಾ 3 ಜಿಎಸ್‌ಟಿ ಬೇರೆ. ನಮ್ಮ ಚಿಕ್ಕಮ್ಮನ ಮಗಳು ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. "ನಾನು ಸರ ಅರ್ಧ ರೇಟಿಗೆ ಬರುತ್ತೆ ಅಂದ್ಕೊಂಡು ಬಳೆಗೂ ಲೆಕ್ಕ ಹಾಕ್ಕೊಂಡಿದ್ದೆ ಅಕ್ಕಾ" ಅಂದಳು. ಪಿಯುಸಿಯಲ್ಲಿ ಗಣಿತಕ್ಕೆ ತೊಂಬತ್ತು ತೆಗೆದವಳು ಅವಳು! ಲೆಕ್ಕ ಬಾರದೆ ಮೋಸ ಹೋಗುವುದಲ್ಲ ಇದು. ಲೆಕ್ಕ ಮಾಡಬೇಕು ಎಂಬ ಯೋಚನೆಯೇ ಬಾರದ ಹಾಗೆ ಪುಟ ಜೋಡಿಸಿರುತ್ತಾರೆ.

ಹಾಗಂತ ಈ ವಿದ್ಯೆಯೇ ಕೆಟ್ಟದ್ದು ಅನ್ನಬೇಡಿ. ನಾನು ಓದಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಅಮೆರಿಕದ ಒಂದು ಹಳೆಯ ಜಾಹೀರಾತು. 1959ರ ಹೊತ್ತಿನದು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಬೀಟಲ್ ಕಾರಿಗೆ ಡಾಯ್ಲ್ ಡೇನ್ ಬರ್ನ್‌ಬ್ಯಾಕ್ ಎಂಬ ಜಾಹೀರಾತು ಸಂಸ್ಥೆ ಮಾಡಿದ್ದು. ಪುಟ ಜೋಡಿಸಿದವರು ಹೆಲ್ಮುಟ್ ಕ್ರೋನ್, ಬರೆದವರು ಜೂಲಿಯನ್ ಕೋನಿಗ್. ಆಗ ಅಮೆರಿಕದಲ್ಲಿ ಹಡಗಿನಂಥ ಉದ್ದುದ್ದ ಕಾರುಗಳ ಕಾಲ. ಜಾಹೀರಾತಿನ ಚಿತ್ರಗಳಲ್ಲಿ ಅವನ್ನು ಇನ್ನೂ ಎಳೆದು ಉದ್ದ ಮಾಡಿ, ಪುಟದ ತುಂಬ ಬಣ್ಣ ಬಣ್ಣವಾಗಿ ಬರೆಯುತ್ತಿದ್ದರು. ಅಂಥ ಹೊತ್ತಿನಲ್ಲಿ ಈ ಪುಟ ಹೇಗಿತ್ತು ಗೊತ್ತೇ? ಹೆಚ್ಚಿನ ಭಾಗ ಖಾಲಿ. ಎಡಮೇಲೆ, ಸ್ವಲ್ಪ ಓರೆಯಾಗಿ, ಬೆರಳಷ್ಟು ಪುಟ್ಟ ಕಾರು. ಕಪ್ಪು ಬಿಳುಪು. ಕೆಳಗೆ "ಥಿಂಕ್ ಸ್ಮಾಲ್" ಎಂದು ಎರಡೇ ಪದ, ಅಂದರೆ ಚಿಕ್ಕದಾಗಿ ಯೋಚಿಸಿ ಎಂದು. ಕೊನೆಗೊಂದು ಪೂರ್ಣವಿರಾಮ, ಕೂಗಾಟವಿಲ್ಲ. ಅದರ ಕೆಳಗೆ ಮೂರು ಅಂಕಣದಲ್ಲಿ ಸಣ್ಣ ಅಕ್ಷರದ ಮಾತು.

ಖಾಲಿ ಜಾಗ ಪುಕ್ಕಟೆ ಅಂದುಕೊಳ್ಳಬೇಡಿ. ಪತ್ರಿಕೆಯವರು ಜಾಗವನ್ನು ಅಳತೆ ಮಾಡಿ ಮಾರುತ್ತಾರೆ, ಖಾಲಿ ಬಿಟ್ಟರೂ ದುಡ್ಡು ಅಷ್ಟೇ. ಅದಕ್ಕೇ ನಮ್ಮೂರಿನ ಅಂಗಡಿಯವರು ಒಂದಿಂಚೂ ಬಿಡದೆ ಸಂತೆಯ ಗಾಡಿಯ ಹಾಗೆ ತುಂಬುವುದು. ಆದರೆ ಖಾಲಿ ಅಂಗಳದ ನಡುವೆ ಒಂದು ಪುಟ್ಟ ರಂಗೋಲಿ ಇದ್ದರೆ ದಾರಿಹೋಕರ ಕಣ್ಣು ಬೇರೆಲ್ಲಿಗೆ ಹೋಗುತ್ತದೆ? ಆ ಕಾರೂ ಹಾಗೆಯೇ. ಚಿಕ್ಕದಾಗಿದ್ದದ್ದರಿಂದಲೇ ಕಂಡಿತು. ಕಾರಿನಿಂದ ಕಣ್ಣು ತಲೆಬರಹಕ್ಕೆ ಇಳಿಯುತ್ತದೆ. "ಚಿಕ್ಕದು ಯಾಕೆ ಬೇಕು?" ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಆ ಸಣ್ಣ ಅಕ್ಷರಗಳಲ್ಲಿದೆ: ಪೆಟ್ರೋಲು ಕಡಿಮೆ ಸಾಕು, ಸ್ವಲ್ಪ ಜಾಗದಲ್ಲೇ ನಿಲ್ಲಿಸಬಹುದು, ವಿಮೆಯ ಖರ್ಚೂ ರಿಪೇರಿಯ ಖರ್ಚೂ ಕಮ್ಮಿ. ಅಮೆರಿಕದ 'ಅಡ್ವರ್ಟೈಸಿಂಗ್ ಏಜ್' ಪತ್ರಿಕೆ 1999ರಲ್ಲಿ ಇಡೀ ಇಪ್ಪತ್ತನೇ ಶತಮಾನದ ಜಾಹೀರಾತುಗಳಲ್ಲಿ ಈ ಮಾಲೆಗೇ ಮೊದಲ ಸ್ಥಾನ ಕೊಟ್ಟಿತು.

ವ್ಯತ್ಯಾಸ ಎಲ್ಲಿದೆ ನೋಡಿ. ಅಲ್ಲಿಯೂ ಅಕ್ಷರ ಸಣ್ಣದೇ. ಆದರೆ ಪುಟದ ದಾರಿ ಆ ಸಣ್ಣ ಅಕ್ಷರದ ಮುಂದೆ ತಂದು ನಮ್ಮನ್ನು ನಿಲ್ಲಿಸುತ್ತದೆ, ಕೂತು ಓದಿ ಅನ್ನುತ್ತದೆ. ನಮ್ಮ ಚಿನ್ನದ ಪುಟದಲ್ಲಿ ದಾರಿ ಸಣ್ಣ ಅಕ್ಷರವನ್ನು ಬಳಸಿಕೊಂಡು ಆಚೆ ಹೋಗುತ್ತದೆ. ಅವರೂ ಕಾರು ಮಾರುವುದಕ್ಕೇ ಬಂದವರು, ದಾನ ಮಾಡುವುದಕ್ಕಲ್ಲ. ಆದರೂ ಮಾರುವವರಲ್ಲಿ ಎರಡು ಬಗೆ ಉಂಟು ಎಂಬುದು ತರಕಾರಿ ಕೊಳ್ಳುವ ನಮಗೆ ಗೊತ್ತಿಲ್ಲದ್ದೇ?

ಇನ್ನೊಂದು ಪುಟದ ಮಾತೂ ಇಲ್ಲಿ ಹೇಳಬೇಕು, ಹೆಣ್ಣುಮಕ್ಕಳಿರುವ ಮನೆಯವರು ಕೇಳಿ. ಬೆಳ್ಳಗಾಗುವ ಕ್ರೀಮುಗಳ ಜಾಹೀರಾತಿನಲ್ಲಿ ಒಂದೇ ಹುಡುಗಿಯ ಮುಖವನ್ನು ಸಾಲಾಗಿ ಇಡುತ್ತಿದ್ದದ್ದು ನಿಮಗೆ ನೆನಪಿರಬೇಕು. ಎಡಗಡೆಯಲ್ಲಿ ಕಪ್ಪು ಮುಖ, ಸಪ್ಪೆ ಬೆಳಕು, ಮುಚ್ಚಿದ ಬಾಯಿ. ಬಲಕ್ಕೆ ಹೋದಂತೆ ಬೆಳ್ಳಗೆ, ನಗು, ಕೊನೆಗೆ ಮುಖದ ಸುತ್ತ ಬೆಳಕು. ನಾವು ಕನ್ನಡ ಓದುವುದು ಎಡದಿಂದ ಬಲಕ್ಕೆ. ಎಡದ್ದು ಮೊದಲು, ಬಲದ್ದು ಆಮೇಲೆ, ಮೊದಲಿನದು ಕಷ್ಟ, ಆಮೇಲಿನದು ಸುಖ ಎಂದು ಕಣ್ಣು ತಾನೇ ಕಥೆ ಕಟ್ಟಿಕೊಳ್ಳುತ್ತದೆ. ಒಂದು ಪದವನ್ನೂ ಬರೆಯಬೇಕಾಗಿಲ್ಲ! ಆ ಸಾಲನ್ನು ನೋಡುತ್ತಾ ಬೆಳೆದ ಎಷ್ಟು ಮಕ್ಕಳು ಕನ್ನಡಿ ಮುಂದೆ ತಾವು ಎಡಗಡೆಯವರು ಅಂದುಕೊಂಡು ಅತ್ತಿಲ್ಲ? ಜಾಹೀರಾತುಗಳ ಮೇಲೆ ಕಣ್ಣಿಡುವ ಎಎಸ್‌ಸಿಐ ಸಂಸ್ಥೆ, ಕಪ್ಪು ಮೈಬಣ್ಣದವರನ್ನು ಕೀಳಾಗಿ, ದುಃಖಿಗಳಾಗಿ ತೋರಿಸಬಾರದು ಎಂದು 2014ರಲ್ಲಿ ನಿಯಮ ಮಾಡಿತು. ಹಿಂದೂಸ್ತಾನ್ ಯೂನಿಲಿವರ್ 2020ರಲ್ಲಿ ತನ್ನ 'ಫೇರ್ ಅಂಡ್ ಲವ್ಲಿ'ಯ ಹೆಸರನ್ನು 'ಗ್ಲೋ ಅಂಡ್ ಲವ್ಲಿ' ಎಂದು ಬದಲಿಸಿತು. ಮುಖಗಳ ಸಾಲು ಕಂಡಾಗಲೆಲ್ಲ ಕೈಯಿಂದ ಒಂದೊಂದನ್ನೇ ಮುಚ್ಚಿ, ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂದು ಮಗಳಿಗೆ ತೋರಿಸಿ. ಮಕ್ಕಳು ಇಂಥದ್ದನ್ನು ನಮಗಿಂತ ಬೇಗ ಹಿಡಿಯುತ್ತಾರೆ.

ಕಾನೂನು ಏನೂ ಇಲ್ಲವೇ ಎಂದು ಕೇಳುತ್ತೀರಿ. ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಂತ ಒಂದಿದೆ. ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಅದು 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ದೊಡ್ಡ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು, ಅದೇ ಬಗೆಯ ಅಕ್ಷರದಲ್ಲಿರಬೇಕು, ಎದ್ದು ಕಾಣುವ ಜಾಗದಲ್ಲಿರಬೇಕು, ಮುಖ್ಯ ವಿಷಯವನ್ನು ಮುಚ್ಚಿಡಬಾರದು ಎಂದು ಅದರಲ್ಲಿದೆ. ದಾರಿ ತಪ್ಪಿಸಿದರೆ ಹತ್ತು ಲಕ್ಷ ರೂಪಾಯಿವರೆಗೆ, ಮತ್ತೆ ಅದನ್ನೇ ಮಾಡಿದರೆ ಐವತ್ತು ಲಕ್ಷದವರೆಗೆ ದಂಡ ಹಾಕಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕ್ಯಾಲೆಂಡರ್‌ನ ಅಂಚಿನಲ್ಲಿ, ಗ್ಯಾಸ್ ನಂಬರಿನ ಪಕ್ಕ ಬರೆದಿಡಿ. ಆದರೆ ದೂರು ಕೊಡುವುದು ಮೋಸ ಕಂಡ ಮೇಲಿನ ಮಾತು. ಹಾಳೆಯನ್ನು ಮೊದಲೇ ತಲೆಕೆಳಗೆ ಮಾಡಿ ನೋಡುವುದಕ್ಕೆ ದುಡ್ಡೂ ಬೇಡ, ಫೋನೂ ಬೇಡ.

ಹೇಗೂ ಹೊರಟಿದ್ದಳಲ್ಲ, ಮರುದಿನ ಇಬ್ಬರೂ ಬೆಂಗಳೂರಿಗೆ ಹೋದೆವು. ಹಾಳೆ ಅವಳ ಬ್ಯಾಗಿನಲ್ಲೇ ಇತ್ತು. ಅವಳು ಮೆಚ್ಚಿದ ಸರಕ್ಕೆ 50 ಇರಲಿಲ್ಲ, ಹತ್ತು ಇತ್ತು. "ಆ ಡಿಸೈನ್‌ಗಳು ಬೇರೆ ಮೇಡಂ" ಎಂದು ತೋರಿಸಿದ ತಟ್ಟೆಯಲ್ಲಿದ್ದವೆಲ್ಲ ಭಾರೀ ಸರಗಳು, ನಮ್ಮ ಹುಡುಗಿಯ ಕತ್ತಿಗಲ್ಲ. ಇವಳು ಜಗಳಕ್ಕೆ ಹೋಗಲಿಲ್ಲ. ತೂಕ, ಅಂದಿನ ದರ, ಮೇಕಿಂಗ್, ವೇಸ್ಟೇಜ್, ತೆರಿಗೆ ಎಲ್ಲವನ್ನೂ ಬೇರೆ ಬೇರೆಯಾಗಿ ಒಂದು ಚೀಟಿಯಲ್ಲಿ ಬರೆದುಕೊಡಿ ಅಂದಳು. ಬರೆದುಕೊಟ್ಟರು. ಆ ಚೀಟಿ ಹಿಡಿದು ಇನ್ನೆರಡು ಅಂಗಡಿ ಹತ್ತಿದೆವು. ಮೂರನೆಯ ಕಡೆ, ಜಾಹೀರಾತನ್ನೇ ಕೊಡದ ಒಂದು ಹಳೆಯ ಅಂಗಡಿಯಲ್ಲಿ, ಅಷ್ಟೇ ತೂಕದ ಸರಕ್ಕೆ ನಾಲ್ಕು ಸಾವಿರದ ಚಿಲ್ಲರೆ ಕಡಿಮೆ ಆಯಿತು. ಎಲ್ಲಾ ಸಲವೂ ಹೀಗಾಗುತ್ತದೆ ಅಂತ ನಾನು ಹೇಳುವುದಿಲ್ಲ.

ಬಳೆ ಈ ವರ್ಷಕ್ಕಿಲ್ಲ. ಅದಕ್ಕೆ ಇನ್ನೊಂದು ಚೀಟಿ ಹಾಕಿದ್ದಾಳೆ. ಮೊನ್ನೆ ಫೋನ್ ಮಾಡಿ ಹೇಳಿದಳು: "ಅಕ್ಕಾ, ಈಗ ಬೆಳಿಗ್ಗೆ ಪೇಪರ್ ಬಂದ್ರೆ ಜಾಹೀರಾತಿನ ಪುಟ ಉಲ್ಟಾ ಹಿಡ್ಕೊಂಡು ಕೂತ್ಕೋತೀನಿ. ನಿಮ್ಮ ಭಾವ ಏನೋ ನಗ್ತಾರೆ. ನಗಲಿ ಬಿಡು. ಮೊನ್ನೆ ಅವರೇ ಒಂದು ಟ್ರ್ಯಾಕ್ಟರ್ ಸಾಲದ ಜಾಹೀರಾತು ತಂದು, 'ಇದರಲ್ಲಿ ನಕ್ಷತ್ರ ಎಲ್ಲಿದೆ ಹುಡುಕೇ' ಅಂದ್ರು."